ಒಂಬತ್ತನೇ ತಾಟು

"ಈ ಹುಡುಗಿ ಒಂದು ಪುಟ ಓದ್ಬೇಕು. ಇಲ್ಲಂದ್ರ ಸೋಮವಾರ ಈ ಖೋಲಿಗೆ ಬೀಗ!" ಎಂದರು ಜಗದೇವಪ್ಪ ಸಾಹುಕಾರರು.

ಮಣ್ಣೂರಿನ ಶಾಲಾ ಸಮಿತಿಗೆ ಅವರೇ ಅಧ್ಯಕ್ಷರು. ತೊಗರಿ ವ್ಯಾಪಾರ, ಹುರಿಮೀಸೆ, ಆಡಿದ್ದೇ ಕಡೆಯ ಮಾತು. ಮೂಲೆಯ ಖೋಲಿಯಲ್ಲಿ ಎಂಟು ಮಕ್ಕಳು ಎಂಟು ತಾಟಿನಲ್ಲಿ ಜೋಳದ ಹಿಟ್ಟು ಹರವಿಕೊಂಡು ಕೂತಿರುತ್ತಾರೆಂದು ಯಾರೋ ಪುಣ್ಯಾತ್ಮರು ಅವರ ಕಿವಿಯೂದಿದ್ದರು.

"ಇದು ಸಾಲಿಯೋ, ಖಾನಾವಳಿಯೋ?"

"ಇವರಿಗೆ ಡಿಸ್ಲೆಕ್ಸಿಯಾ ಅದರಿ. ಬುದ್ಧಿ ಏನೂ ಕಮ್ಮಿಯಿಲ್ಲ. ಪುಟದ ಮ್ಯಾಲ ಅಕ್ಷರ ಕುಣಿತಾವ. ಹಿಟ್ಟಿನಾಗ ತೀಡಿದ್ರ ಬೆರಳಿಗೆ ನೆನಪುಳಿತಾವ," ಎಂದು ಸಂಘಮಿತ್ರಾ ಟೀಚರ್ ವೈದ್ಯರ ವರದಿಯನ್ನು ಮುಂದೆ ಹಿಡಿದರು.

"ನೀವು ಹೇಳಿದ್ರಲ್ಲ, ಸಾಕು. ಕಣ್ಣಾಗ ಧೂಳ ಹೋಗ್ಯಾದ," ಎಂದು ಸಾಹುಕಾರರು ಕಣ್ಣುಜ್ಜಿಕೊಂಡರು.

ಮೂರನೇ ತರಗತಿಯ ಯಾಸ್ಮೀನ ಎದ್ದು ನಿಂತಳು. ಹಿಂದೆ ಪುಸ್ತಕ ಕಂಡರೆ ನೂರೆಂಟು ನೆಪ ಹೇಳುತ್ತಿದ್ದವಳು ಈಗ ಓದುತ್ತಾಳೆ, ನಿಜ. ಆದರೆ ಒಂದೊಂದು ಸಾಲಿಗೆ ನಾಲ್ಕು ಸಲ ನಿಂತು, ಎದುರಿಗಿದ್ದವರನ್ನು "ಇದ್ಯಾವ ಅಕ್ಷರ ರೀ?" ಎಂದು ಕೇಳಿ ಕೇಳಿ.

"ನೀವು ಹೊರಗ ನಿಂದ್ರಿ ಟೀಚರ್. ಕಣ್ಸನ್ನಿ ಮಾಡಿ ಹೇಳಿಕೊಟ್ಟೀರಿ ಮತ್ತ!"

ಪುಸ್ತಕದ ಎರಡು ಪ್ರತಿ ಇದ್ದವು. ಒಂದು ಅವಳಿಗೆ, ಒಂದು ಸಾಹುಕಾರರಿಗೆ. ಟೀಚರ್ ಬಾಗಿಲಾಚೆ ನಿಂತು ಕಿವಿಗೊಟ್ಟರು. ಮೊದಲ ಪದಕ್ಕೇ ಯಾಸ್ಮೀನ ತಡವರಿಸಿದಳು, ನಿಂತಳು. ಮುಗಿಯಿತು, ಖೋಲಿಗೆ ಬೀಗ ಬಿತ್ತು ಎಂದುಕೊಂಡರು ಟೀಚರ್.

ಆಮೇಲೆ ಶುರುವಾಯಿತು ನೋಡಿ! ಭೀಮಾ ಹೊಳೆಗಿಳಿದ ಎಮ್ಮೆ, ಎಮ್ಮೆಯ ಬೆನ್ನೇರಿದ ಕಪ್ಪೆ, ಕಪ್ಪೆಯ ತಲೆ ಮೇಲೆ ಪೊಲೀಸರ ಟೋಪಿ. ಎಲ್ಲೂ ತಡೆಯಿಲ್ಲ, ತೊದಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ಸಾಹುಕಾರರ ನಗು ಬೀದಿಗೂ ಕೇಳಿಸಿತು.

"ಶಾಬಾಶ್! ಒಂದಕ್ಷರ ತಪ್ಪಿಲ್ಲ. ಖೋಲಿ ಇರಲಿ!"

ಮಕ್ಕಳು ಹಿಟ್ಟೆರಚಿ ಕುಣಿದರು. ಹುರಿಮೀಸೆ ಬೆಳ್ಳಗಾಯಿತು. ಟೀಚರಿಗೆ ನಗುವೂ ಬಂತು, ಅಳುವೂ ಬಂತು.

ಎಲ್ಲರೂ ಹೋದ ಮೇಲೆ ಟೀಚರ್ ಯಾಸ್ಮೀನಳ ಪುಸ್ತಕದ ಹಿಟ್ಟು ಕೊಡವಿದರು. ತೆರೆದಿದ್ದ ಪುಟದಲ್ಲಿದ್ದದ್ದು 'ಮಣ್ಣಿನ ವಿಧಗಳು'. ಎಮ್ಮೆಯಿಲ್ಲ, ಕಪ್ಪೆಯಿಲ್ಲ, ಟೋಪಿ ಮೊದಲೇ ಇಲ್ಲ. ಅವರ ಸಂತೋಷ ಜರ್ರನೆ ಇಳಿಯಿತು.

"ಯಾಸ್ಮೀನ, ಬಾ ಇಲ್ಲಿ. ಇದನ್ನ ಓದು."

ಅವಳು ಬೆರಳಿನಿಂದ ತೊಡೆಯ ಮೇಲೆ ತೀಡುತ್ತಾ, ನಿಲ್ಲುತ್ತಾ, ಕೇಳುತ್ತಾ ಓದಿದಳು. ಕಪ್ಪು ಮಣ್ಣು, ಕೆಂಪು ಮಣ್ಣು, ಮರಳು ಮಣ್ಣು. ಪುಟ ಪೂರ್ತಿ, ಎಲ್ಲಾ ಸರಿ.

"ಓದಾಕ ಬರ್ತದಲ್ಲ! ಮತ್ತ ಅವರ ಮುಂದ್ಯಾಕ ಸುಳ್ಳು ಕಥಿ ಹೊಡದಿ?"

"ಮೊದಲ್ನೇ ಅಕ್ಷರಕ್ಕ ನಿಂತು, ಇದ್ಯಾವುದ್ರಿ ಅಂತ ಸಾಹುಕಾರ್ರಿಗೆ ಮೆಲ್ಲಕ ತೋರ್ಸ್ದೆ ಟೀಚರ್. ಅವರು ಅಕ್ಷರ ನೋಡಿ ಕಣ್ಣ ತಿಕ್ಕೊಂಡ್ರು. ಮತ್ತ 'ಕಣ್ಣಾಗ ಧೂಳ' ಅಂತ ಮೆಲ್ಲಕ ಅಂದ್ರು. ಅದು ಮೊದಲ ನಾ ಹೇಳ್ತಿದ್ದ ನೆಪ ರೀ! ಇನ್ನೊಮ್ಮಿ ನಿಂತ್ರ ಇನ್ನೊಂದು ಅಕ್ಷರ ಕೇಳ್ಬೇಕಾಗ್ತಿತ್ತು. ಪಾಪ ಅನ್ಸ್ತು. ಅದಕ್ಕ ನಿಲ್ಲಲೇ ಇಲ್ಲ."

ಬಾಗಿಲ ತನಕ ಓಡಿದವಳು ತಿರುಗಿ ನಿಂತಳು. "ಸೋಮವಾರ ಒಂಬತ್ತು ತಾಟ ಇಡ್ರಿ ಟೀಚರ್. ಸಾಹುಕಾರ್ರು ಹೋಗಾಗ ನನ್ನ ಕಿವ್ಯಾಗ ಹೇಳಿದ್ರು. ಅವರಿಗೂ ಅಕ್ಷರ ಕುಣಿತಾವಂತ, ಸಾಲಿ ಬಿಟ್ಟ ಮ್ಯಾಲ ಬರ್ತಾರಂತ."