ಅರ್ಧ ಇಂಚು ಜಾಸ್ತಿ

"ಅರ್ಧ ಇಂಚು ಜಾಸ್ತಿ ಇದೆ," ಎಂದು ಪೇದೆ ಚಾಕುವಿನ ಅಲಗಿನ ಮೇಲಿಂದ ಸ್ಕೇಲು ಎತ್ತಿದ. ಮೇಜಿನ ಈಚೆ ನಿಂತಿದ್ದ ಕುಶನ್ ಕೆಲಸದ ಮುದುಕನಿಗೆ ಮೊದಲು ನಗು ಬಂತು. ಸಾಹೇಬರ ಕುರ್ಚಿ ಹರಿದಿದೆ, ಠಾಣೆಗೆ ಬಂದು ಸರಿ ಮಾಡಿಕೊಡಿ ಎಂದು ಬೆಳಿಗ್ಗೆ ಫೋನ್ ಮಾಡಿ ಕರೆದವನೇ ಈ ಪೇದೆ. ಬಾಗಿಲಲ್ಲಿ ಚೀಲ ತಡಕಿ ಮಡಚುವ ಚಾಕು ಹಿಡಿದವನೂ ಇವನೇ.

"ಮತ್ತೆ ರೆಕ್ಸಿನ್ ಯಾತರಲ್ಲಿ ಕುಯ್ಯಲಿ ಸ್ವಾಮಿ? ಮೂವತ್ತು ವರ್ಷದಿಂದ ಇದು ಕುರ್ಚಿ ಬಿಟ್ಟು ಬೇರೆ ಯಾರ ಹೊಟ್ಟೇನೂ ಸೀಳಿಲ್ಲ."

"ಅದನ್ನೆಲ್ಲ ಕೋರ್ಟಲ್ಲಿ ಹೇಳ್ಕೊಳ್ಳಿ ಯಜಮಾನ್ರೇ. ಮೂರು ಇಂಚು ದಾಟಿದ್ರೆ ಕೇಸು. ಮೇಲಿನವರ ಆರ್ಡರು."

ಪೇದೆ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ, ಹುರಿದಾರ ಬಿಗಿದು, ಗಂಟಿನ ಮೇಲೆ ಅರಗು ಸುರಿದು ಮುದ್ರೆ ಒತ್ತಿದ. ದಾರದ ಇನ್ನೊಂದು ತುದಿ ಇನ್ನೂ ಉಂಡೆಯಲ್ಲೇ ಇತ್ತು. ಎಳೆದ, ಜಗ್ಗಿದ, ಬೆರಳು ಕೆಂಪಗಾಯಿತೇ ಹೊರತು ದಾರ ತುಂಡಾಗಲಿಲ್ಲ. ಡ್ರಾಯರು ತಡಕಿದ, ಪಕ್ಕದ ಮೇಜಿನವಳನ್ನು ಕೇಳಿದ. ಇಡೀ ಠಾಣೆಯಲ್ಲಿ ಒಂದು ಬ್ಲೇಡಿನ ಚೂರೂ ಸಿಗಲಿಲ್ಲ. ಕೊನೆಗೆ ಅವನ ಕಣ್ಣು ತಾನೇ ಈಗಷ್ಟೆ ಮುದ್ರೆ ಒತ್ತಿದ ಪೊಟ್ಟಣದ ಮೇಲೆ ಹೋಗಿ ನಿಂತಿತು.

ಮುದುಕ ಬಗ್ಗಿ, ದಾರವನ್ನು ಹಲ್ಲಿಗೆ ಕೊಟ್ಟು ಕಟಕ್ಕನೆ ಕಡಿದ. ಹಾಗೇ ಹಲ್ಲು ಕಿರಿದು, ಮುಖವನ್ನು ಸ್ಕೇಲಿನ ಹತ್ತಿರ ತಂದ.

"ಇವನ್ನೂ ಅಳೆದು ಬರ್ಕೊಳ್ಳಿ ಸ್ವಾಮಿ. ನಿಮ್ಮ ಸಾಹೇಬರ ಕುರ್ಚಿಗೆ ಇನ್ನು ಇವೇ ಗತಿ."