ಮಾಲೀಕರ ಹೆಸರು

"ಮೇಡಂ, ಬೇರೆ ಏನ್ ಬೇಕಾದ್ರೂ ಮಾಡಿ, ಮಾಲೀಕರ ಹೆಸರು ಮಾತ್ರ ಮುಟ್ಬೇಡಿ. ಅದು ಬದಲಾದ್ರೆ ಡೊಮೇನ್, ಅಂದ್ರೆ ನಿಮ್ ವೆಬ್‌ಸೈಟಿನ ವಿಳಾಸ, ಎರಡು ತಿಂಗಳು ಲಾಕ್ ಆಗುತ್ತೆ. ಬೇರೆ ಕಂಪನಿಗೆ ವರ್ಗ ಮಾಡೋಕೆ ನಮ್ ಕೈಲೂ ಆಗಲ್ಲ," ಎಂದು ಸಹಾಯವಾಣಿಯ ಹುಡುಗಿ ಸ್ಪೀಕರ್‌ನಲ್ಲಿ ಎರಡನೇ ಸಲ ಹೇಳಿದಳು. ವೇಣಿ ಪರದೆಯ ಮೇಲೆ ಆ ಜಾಗವನ್ನೇ ನೋಡುತ್ತಿದ್ದಳು. ಅಲ್ಲಿ ಇನ್ನೂ ರಾಜೇಂದ್ರ ಎಂದಿತ್ತು. ಗಂಡ ತೀರಿಹೋದ ಸಂಗತಿಯನ್ನು ಇಂಟರ್‌ನೆಟ್ಟಿಗೆ ಯಾರೂ ತಿಳಿಸಿರಲಿಲ್ಲ.

ಎದುರಿಗೆ ಅಂಬರೀಶ್ ಟೀ ಲೋಟ ಹಿಡಿದು ಕೂತಿದ್ದ. ಪೀಣ್ಯದ ಈ ಸ್ಪ್ರಿಂಗ್ ಕಾರ್ಖಾನೆಯ ಶೆಡ್ಡು, ಮಷೀನು, ಬೋರ್ಡು ಎಲ್ಲವನ್ನೂ ಅವನು ಕೊಂಡಾಗಿತ್ತು. ಉಳಿದದ್ದು ವೆಬ್‌ಸೈಟು ಮತ್ತು ಅದಕ್ಕೆ ಅಂಟಿಕೊಂಡ ರಾಜೇಂದ್ರನ ಇಮೇಲ್. ಆ ವಿಳಾಸಕ್ಕೆ ದೂರದೂರಿನ ಗಿರಾಕಿಗಳು ಇವತ್ತಿಗೂ "ರಾಜೇಂದ್ರ ಸಾರ್, ಹೇಗಿದ್ದೀರಾ?" ಎಂದು ಬರೆಯುತ್ತಿದ್ದರು. ಚೆನ್ನಾಗಿದ್ದೀನಿ ಎಂದು ವೇಣಿ ಉತ್ತರಿಸುತ್ತಿದ್ದಳು. ದಿನವಿಡೀ ಅವಳು ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಅಷ್ಟೇ.

"ಆಯ್ತಾ ಅಕ್ಕ? ಇವತ್ತೇ ವೆಬ್‌ಸೈಟು ನನ್ ಕಡೆ ಬಂದ್ಬಿಟ್ರೆ, ಹಳೇ ಇಮೇಲೆಲ್ಲ ಅಳಿಸಿ ಕ್ಲೀನ್ ಮಾಡಿಸ್ಬಿಡ್ತೀನಿ," ಎಂದ ಅಂಬರೀಶ್.

ವೇಣಿ ಗಂಡನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಆ ಜಾಗದಲ್ಲಿ ತನ್ನ ಹೆಸರು ಬರೆದು, ಗುಂಡಿ ಒತ್ತಿದಳು. ಪರದೆಯ ಮೇಲೆ ಪುಟ್ಟ ಬೀಗದ ಚಿತ್ರ ಮೂಡಿತು.

"ಅಯ್ಯೋ, ಹೆಸರು ಮುಟ್ಬಿಟ್ಟೆ ಕಣಪ್ಪ."

"ಅಷ್ಟು ಬಡ್ಕೊಂಡ್ರಲ್ಲಕ್ಕ ಅವ್ರು!" ಅಂಬರೀಶ್ ಹಣೆ ಚಚ್ಚಿಕೊಂಡ.

ವೇಣಿ ಇಮೇಲ್ ತೆರೆದಳು. ಹುಬ್ಬಳ್ಳಿಯ ಗಿರಾಕಿಯೊಬ್ಬರು ರಾಜೇಂದ್ರ ಸಾರ್‌ಗೆ ಊಟ ಆಯ್ತಾ ಎಂದು ಕೇಳಿದ್ದರು. "ಆಯ್ತು," ಎಂದು ಬರೆದವಳು, ಕಳಿಸುವ ಮುಂಚೆ ಇನ್ನೊಂದು ಪದ ಸೇರಿಸಿದಳು: "ನಿಮ್ಮದು?"