ಎರಡೂ ಕೈ ಬೇಕಾದ ಬಾಗಿಲು

ಒಂದೇ ಒದೆತಕ್ಕೆ ಬಾಗಿಲು ಚೌಕಟ್ಟು ಸಮೇತ ಹಾರಿಹೋಯಿತು. ಪರದೆಯ ಮೇಲಿನ ನಾಯಕ ಒಳಗೆ ನುಗ್ಗಿದವನೇ, ಮೂಲೆಯಿಂದ ಎದ್ದು ಬಂದ ಮೂರು ದೆವ್ವಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟು ಕೆಡವಿದ.

"ಹೇಗಿದೆ ಅಕ್ಕಾ?" ಎಂದು ಮದ್ದುಗುಂಡು ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ. ಅವರ ಆಫೀಸು ತಯಾರಿಸುವ ಕಂಪ್ಯೂಟರ್ ಆಟಕ್ಕೆ ಬಂದೂಕು, ಬಾಂಬು ಮಾಡಿಕೊಡುವವನು ಅವನು. ಆಫೀಸಿನವರೆಲ್ಲ ಸೇರಿ ಇಟ್ಟ ಹೆಸರು ಅದು.

"ಪಾಪ ಅನ್ಸತ್ತೆ ತಮ್ಮಾ," ಎಂದಳು ಬಾಗಿಲಕ್ಕ. "ಇವನು ಬರೋದು ಕಂಡ್ರೆ ದೆವ್ವಗಳೇ ಮಂಚದ ಕೆಳಗೆ ಸೇರ್ಕೋಬೇಕು."

ಆಟದ ಬಾಗಿಲುಗಳೆಲ್ಲ ಅವಳ ಕೈಕೆಲಸ. ಈ ದೆವ್ವದಾಟದ ಮೊದಲ ಭಾಗದಲ್ಲಿ ನಾಯಕನ ಕೈಯಲ್ಲಿದ್ದದ್ದು ಬರೀ ಒಂದು ಟಾರ್ಚು. ಅವಳ ಬಾಗಿಲು ಅಂಗುಲ ಅಂಗುಲವಾಗಿ ತೆರೆಯುತ್ತಿದ್ದರೆ ಗಟ್ಟಿ ಎದೆಯವರೂ ಸೌಂಡು ಕಮ್ಮಿ ಮಾಡುತ್ತಿದ್ದರು. ಎರಡನೆಯ ಭಾಗಕ್ಕೆ ಪಿಸ್ತೂಲು ಬಂತು. ಈಗ ಮೂರನೆಯದು, ಹೊತ್ತ ಆಯುಧಗಳಲ್ಲಿ ನಾಯಕನ ಬೆನ್ನೇ ಕಾಣದು. ಇನ್ನು ಬೆನ್ನ ಹಿಂದೆ ಯಾರೋ ಇದ್ದಾರೆಂಬ ಅಳುಕು ಎಲ್ಲಿಂದ ಬರಬೇಕು?

ಆಫೀಸಿನ ಯಜಮಾನರ ಲೆಕ್ಕವೇ ಬೇರೆ. "ಒಂದ್ಸಲ ನೋಡಿದ ದೆವ್ವ ನೆಂಟರಿದ್ದ ಹಾಗಮ್ಮ. ಎರಡನೇ ಸಲ ಬಂದ್ರೆ ಯಾರೂ ಹೆದರಲ್ಲ, ಯಾವಾಗ ಹೋಗ್ತಾರೋ ಅಂತ ಕಾಯ್ತಾರೆ. ಅದಕ್ಕೇ ಈ ಗುಂಡಿನ ಸುರಿಮಳೆ. ಬಾಗಿಲಿನ ಕೆಲಸ ಇಲ್ಲಿಗೆ ಸಾಕು. ಮುಂದಿನ ವಾರದಿಂದ ನೀನೂ ಸ್ಫೋಟದ ಕಡೆ ಬಂದುಬಿಡು."

ಬಾಗಿಲಕ್ಕ ಅವರ ದಾರಿಗೆ ಅಡ್ಡ ನಿಂತಳು. ಕೀಲು, ಚಿಲಕ, ಹೊಸ್ತಿಲು ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ. "ಒಂದೇ ಒಂದು ಬಾಗಿಲು ಮಾಡೋಕೆ ಬಿಡಿ ಸರ್. ಒದ್ದರೆ ಮುರಿಯಲ್ಲ, ಸುಟ್ಟರೆ ಉರಿಯಲ್ಲ. ತೆಗೆಯೋಕೆ ಎರಡೂ ಕೈ ಬೇಕು, ಬಂದೂಕು ಬೆನ್ನಿಗೆ ಹಾಕ್ಕೋಬೇಕು. ನೀವೇ ಆಡಿ. ಅಳುಕದೆ ತೆಗೆದ್ರೆ ತುಟಿ ಎರಡು ಮಾಡದೆ ಸ್ಫೋಟಕ್ಕೆ ಹೋಗ್ತೀನಿ."

"ಅಳುಕೋದಾ? ಈ ದೆವ್ವಗಳನ್ನ ಹೆತ್ತವನೇ ನಾನು!" ಯಜಮಾನರು ಹೊಟ್ಟೆ ಕುಲುಕುವಂತೆ ನಕ್ಕರು. "ಆಗಲಿ ತಾಯಿ."

ಆ ಬಾಗಿಲಿಗೆ ಅವಳು ಸೇರಿಸಿದ್ದಕ್ಕಿಂತ ತೆಗೆದದ್ದೇ ಹೆಚ್ಚು. ಕಿರುಗುಟ್ಟುವ ಸದ್ದು ತೆಗೆದಳು, ನೆತ್ತರಿನ ಕಲೆ ಒರೆಸಿದಳು, ಓಡಾಡುವ ನೆರಳನ್ನು ಮನೆಗೆ ಕಳಿಸಿದಳು. ಚಿಕ್ಕಂದಿನಲ್ಲಿ ಅವಳ ತಾತ ಕಾವ್ಯ ಓದುತ್ತಿದ್ದರು. ರಾಕ್ಷಸ ಬಂದಾಗ ಅವರು ಅಬ್ಬರಿಸಿದ್ದೇ ಇಲ್ಲ. ಅವನು ಬರುವ ಮುಂಚಿನ ಸಾಲಿನಲ್ಲಿ, ರಾಗ ಇನ್ನೇನು ಇಳಿಯಬೇಕು, ಅಲ್ಲಿ ನಿಲ್ಲಿಸಿಬಿಡುತ್ತಿದ್ದರು. ಆ ನಿಂತ ಜಾಗದಲ್ಲೇ ಮಕ್ಕಳೆಲ್ಲ ಒಬ್ಬರ ತೋಳನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು.

ಪರೀಕ್ಷೆ ನಡೆದದ್ದು ನಡುಮಧ್ಯಾಹ್ನ, ಕಿಟಕಿ ತುಂಬ ಬಿಸಿಲು. ಯಜಮಾನರು ಆಟಕ್ಕೆ ಕೂತವರೇ ನಾಯಕನಿಂದ ಒದೆಸಿದರು. ಬಾಗಿಲು ಅಲುಗಲಿಲ್ಲ. ಇದ್ದಬದ್ದ ಗುಂಡನ್ನೆಲ್ಲ ಸುರಿದರು. ಸದ್ದಡಗಿದ ಮೇಲೆ ಕೇಳಿಸಿತು: ಒಳಗೆ ಯಾರೋ ಹೆಂಗಸು ತನ್ನ ಪಾಡಿಗೆ ತಾನು, ಬಟ್ಟೆ ಮಡಿಸುತ್ತ ಕೂತವಳಂತೆ, ಗುನುಗುತ್ತಿದ್ದಾಳೆ. ಅಷ್ಟು ಗುಂಡಿಗೂ ಅವಳ ರಾಗ ತಪ್ಪಿರಲಿಲ್ಲ.

"ಇಷ್ಟೇನಾ?" ಎನ್ನುತ್ತ ಯಜಮಾನರು ಬಂದೂಕು ಬೆನ್ನಿಗೇರಿಸಿ, ಎರಡೂ ಕೈ ಚಿಲಕದ ಮೇಲಿಟ್ಟರು.

ಗುನುಗು ನಿಂತಿತು.

ಕೈ ತೆಗೆದರು. ಬಿಟ್ಟ ಜಾಗದಿಂದಲೇ ಗುನುಗು ಮುಂದುವರಿಯಿತು. ಮತ್ತೆ ಇಟ್ಟರು. ನಿಂತಿತು.

"ಸರ್... ಬೇಡ ಸರ್." ಮದ್ದುಗುಂಡು ಯಾವಾಗಲೋ ಎದ್ದು ಬಂದು ಅವರ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

"ಮೆಲ್ಲಗೆ ಮಾತಾಡಯ್ಯ, ಅವಳಿಗೆ ಕೇಳ್ಸತ್ತೆ!"

ಬಾಗಿಲಕ್ಕ ಉಕ್ಕಿ ಬಂದ ನಗುವಿಗೆ ಅಂಗೈ ಅಡ್ಡ ಹಿಡಿದಳು. "ತೆಗೀರಿ ಸರ್. ಎಲ್ಲರಿಗೂ ಊಟದ ಹೊತ್ತಾಯ್ತು."

"ತೆಗೀತೀನಿ, ತೆಗೀತೀನಿ. ನನಗೇನು ಭಯವೇ?" ಎಂದ ಯಜಮಾನರು ನಾಯಕನನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಸಿದರು. ಬೆನ್ನ ತುಂಬ ಬಂದೂಕು, ಸೊಂಟದ ಸುತ್ತ ಬಾಂಬು ಹೊತ್ತ ಆ ಮಹಾಶೂರ ತರಗತಿಗೆ ತಡವಾಗಿ ಬಂದ ಹುಡುಗನಂತೆ ಬಾಗಿಲ ಮುಂದೆ ನಿಂತ. ಒಳಗಿನ ರಾಗ ನಿಧಾನವಾಗಿ ಸಾಗಿತ್ತು. ಯಜಮಾನರು ಪರದೆಯಿಂದ ಕಣ್ಣು ಕೀಳದೆ ಬಾಗಿಲಕ್ಕನ ಕಡೆಗೆ ವಾಲಿ, ಪಿಸುದನಿಯಲ್ಲಿ ಕೇಳಿದರು:

"ಅಮ್ಮಾ, ಇದರಲ್ಲಿ ಬಾಗಿಲು ತಟ್ಟೋ ಬಟನ್ ಯಾವುದು?"